ಹುಣಸೇಮರದ ಕೆಳಗೆ ಕಾಲು ಗಂಟೆ

ಮದ್ದೂರಿನ ಬಸ್ ಷೆಡ್ಡಿಗೆ ಫಿಟ್ಟರ್ ಆಗಿ ಸೇರಿದ ಮೊದಲ ದಿನ ಸಂಜೆ ನಾನು ಮನೆಗೆ ಹೊರಟಾಗ, ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದ ಯಜಮಾನರು ನನ್ನ ಬುತ್ತಿ ಡಬ್ಬವನ್ನು ತಲೆಕೆಳಗು ಮಾಡು ಎಂದರು. ಮಾಡಿದೆ. ಡಬ್ಬಕ್ಕೆ ಅಂಟಿದ್ದ ಮುದ್ದೆಯ ಚೂರೊಂದು ನೆಲಕ್ಕೆ ಬಿತ್ತು. ಆಮೇಲೆ ಪಂಚೆ ಕೊಡವು ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಹನಕೆರೆಯಲ್ಲಿ ನಮ್ಮದು ಉಣ್ಣಲು ಉಡಲು ಕೊರತೆಯಿಲ್ಲದ ಒಕ್ಕಲು ಮನೆ. ಗದ್ದೆ ಬಿಟ್ಟು ಎಂಜಿನ್ನಿನ ಹಿಂದೆ ಬಿದ್ದವನು ನಾನೊಬ್ಬನೇ. ಹೀಗೆ ನಿಂತು ಪಂಚೆ ಕೊಡವುವುದಕ್ಕೆ ಹುಟ್ಟಿದವನಲ್ಲ ಎಂದು ಹೇಳಿಬಿಡಬೇಕು ಅಂದುಕೊಂಡು ಹಿಂದೆ ತಿರುಗಿ ನೋಡಿದೆ. ಇಪ್ಪತ್ತು ವರ್ಷದಿಂದ ಅವರಲ್ಲಿ ದುಡಿಯುತ್ತಿದ್ದ ಮುದುಕ ಮೇಸ್ತ್ರಿ, ಯಾರೂ ಹೇಳದೆಯೇ ತನ್ನ ಡಬ್ಬವನ್ನು ತಲೆಕೆಳಗು ಹಿಡಿದುಕೊಂಡು ಸರದಿಯಲ್ಲಿ ನಿಂತಿದ್ದ. ನಾನೂ ಪಂಚೆ ಕೊಡವಿದೆ.

ಯುದ್ಧದ ಕಾಲ ಅದು. ಯಜಮಾನರಿಗೆ ಮೂರು ಬಸ್ಸುಗಳಿದ್ದವು. ಎರಡು ಮದ್ದೂರಿಗೂ ಮಂಡ್ಯಕ್ಕೂ ಓಡಾಡುತ್ತಿದ್ದವು, ಇನ್ನೊಂದು ಮಳವಳ್ಳಿಗೆ. ಮೂರಕ್ಕೂ ನಾನು ಮತ್ತು ಮೇಸ್ತ್ರಿ ಇಬ್ಬರೇ ಕೈ. ಷೆಡ್ಡಿನ ಗೋಡೆಗೆ ಹಲಗೆ ಬಡಿದು ಅದರ ಮೇಲೆ ಸ್ಪ್ಯಾನರು, ಸುತ್ತಿಗೆ, ಇಕ್ಕಳಗಳನ್ನು ತೂಗುಹಾಕಿದ್ದರು. ಒಂದೊಂದರ ಸುತ್ತಲೂ ಸುಣ್ಣದಲ್ಲಿ ಗೆರೆ ಎಳೆದಿತ್ತು. ಸಂಜೆ ಯಾವ ಗೆರೆಯೊಳಗೆ ಸಾಮಾನಿಲ್ಲವೋ ಅದು ಕುರ್ಚಿಯ ಮೇಲೆ ಕೂತವರಿಗೆ ಅಲ್ಲಿಂದಲೇ ಕಾಣುತ್ತಿತ್ತು. ಯಜಮಾನರು ಹುಟ್ಟಿನಿಂದ ಹೀಗಿದ್ದರೆಂದು ಯಾರೂ ಹೇಳುತ್ತಿರಲಿಲ್ಲ. ನನಗಿಂತ ಮುಂಚೆ ಇದ್ದ ಫಿಟ್ಟರೊಬ್ಬ ಬಿಡಿ ಸಾಮಾನುಗಳನ್ನು ಒಂದೊಂದಾಗಿ ಸಾಗಿಸಿ, ಅದೇ ಸಾಮಾನಿನಿಂದ ಬೇರೆಯವರ ಹಳೇ ಬಸ್ಸೊಂದನ್ನು ಎದ್ದು ನಿಲ್ಲಿಸಿ, ಇವರ ಮುಂದೆಯೇ ಹಾರನ್ ಹೊಡೆಸಿಕೊಂಡು ಹೋದನಂತೆ. ಅಂದಿನಿಂದ ಅವರು ಕುರ್ಚಿಯನ್ನು ಒಳಗಿನ ಕಡೆ ಮುಖ ಮಾಡಿ ಹಾಕಿಸಿಕೊಂಡರು. ಅವರಿಗೆ ಆದ ನೋವು ಸುಳ್ಳಲ್ಲ. ಆದರೆ ಕದ್ದವನು ಒಬ್ಬ, ಡಬ್ಬ ಬೋರಲು ಹಾಕಿದವರು ನಾವೆಲ್ಲ.

ಮೇಸ್ತ್ರಿ, ಎಂಜಿನ್ನಿನ ವಾಲ್ವು ಬಿಗಿಯಾಗಿ ಕೂರುವ ಹಾಗೆ ಉಜ್ಜುವ ಕೆಲಸ ಬಂದರೆ ನನ್ನನ್ನು ಬೀಡಿ ತರಲು ಕಳಿಸುತ್ತಿದ್ದ. ಅವನೇ ಕಂಡುಹಿಡಿದ ಒಂದು ಉಜ್ಜುಮದ್ದಿತ್ತು. ಅದನ್ನು ಮನೆಯಲ್ಲಿ ಕಲಸಿ, ಎಲೆಯಡಿಕೆಯ ಸುಣ್ಣದ ಡಬ್ಬಿಯಲ್ಲಿ ಇಟ್ಟುಕೊಂಡು ಬರುತ್ತಿದ್ದ. ಅಂಗಡಿಯಿಂದ ತರುವ ಮದ್ದಿಗಿಂತ ಅದು ಎಷ್ಟೋ ವಾಸಿ ಎಂದು ವಾಲ್ವು ನೋಡಿದರೇ ತಿಳಿಯುತ್ತಿತ್ತು. ಏನು ಹಾಕುತ್ತೀಯಣ್ಣ ಎಂದು ಒಮ್ಮೆ ಕೇಳಿದೆ. ಸುಣ್ಣ ಎಂದ. ನಾನು ಯಜಮಾನರ ಕಿವಿ ಎಂದು ಅವನಿಗೆ ಅನುಮಾನ. ಅವನೇ ಯಜಮಾನರ ಕಿವಿ ಎಂದು ನನಗೆ. ಅವನು ಸತ್ತಾಗ ಆ ಮದ್ದೂ ಅವನ ಜೊತೆ ಹೋಯಿತು. ಆ ಷೆಡ್ಡಿನಲ್ಲಿ ಯಾರಿಗೂ ತಲೆ ಓಡುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಓಡುತ್ತಿತ್ತು, ಬಚ್ಚಿಡುವ ಕಡೆಗೆ ಓಡುತ್ತಿತ್ತು.

ಶುರುವಿನಲ್ಲಿ ನಾನು ಹಾಗಿರಲಿಲ್ಲ. ಪೆಟ್ರೋಲಿಗೆ ರೇಷನ್ ಬಂದ ಮೇಲೆ ಮಳವಳ್ಳಿ ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಕಬ್ಬಿಣದ ಪೀಪಾಯಿ ಕಟ್ಟಿದ್ದರು. ಅದಕ್ಕೆ ಇದ್ದಿಲು ತುಂಬಿ, ಬೆಂಕಿ ಹಾಕಿ, ಗಾಳಿಯ ಚಕ್ರ ತಿರುಗಿಸಿದರೆ ಹುಟ್ಟುವ ಹೊಗೆ ಕೊಳವೆಯಲ್ಲಿ ಹಾದು ಎಂಜಿನ್ನಿಗೆ ಹೋಗುತ್ತಿತ್ತು. ಆ ಹೊಗೆಯಲ್ಲೇ ಬಸ್ಸು ಓಡಬೇಕು. ಇದ್ದಿಲಿನಲ್ಲಿ ಪುಡಿ ಜಾಸ್ತಿ ಇದ್ದರೆ ಪೀಪಾಯಿ ಉಸಿರು ಕಟ್ಟಿದ ಹಾಗೆ ಆಡುತ್ತಿತ್ತು. ಜರಡಿ ಹಿಡಿದು ಹಾಕಿದರೆ ಒಳ್ಳೆಯದು ಎಂದು ಯಜಮಾನರಿಗೆ ಹೇಳಿದೆ. ಹೊಸಬ, ಶಹಭಾಸ್ ಅಂತಾರೆ ಎಂದುಕೊಂಡಿದ್ದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಜರಡಿ ಹಿಡಿದ ಪುಡಿ ಯಾರ ಮನೆಗೆ ಓಯ್ತದೆ?" ಎಂದು ಕೇಳಿದರು.

ಆ ಪುಡಿಯನ್ನು ಯಾವ ಕುಲುಮೆಯವನು ಕೇಳಿದ್ದಾನೆ, ಅವನಿಗೂ ನನಗೂ ಏನು ನಂಟು ಎಂದು ಎರಡು ದಿನ ವಿಚಾರಣೆ ನಡೆಯಿತು. ಮೂರನೆಯ ದಿನ ನಾನು, ಹಾಗೇ ಇರಲಿ ಬುಡಿ ಯಜಮಾನ್ರೇ ಎಂದು ಕೈಮುಗಿದೆ. ಬಸ್ಸು ಪುಡಿ ತಿನ್ನುತ್ತಲೇ ಓಡಿತು.

ಮಳವಳ್ಳಿ ಬಸ್ಸಿನ ಡ್ರೈವರ್ ಮಳವಳ್ಳಿಯವನೇ. ನನಗಿಂತ ಹತ್ತು ವರ್ಷ ದೊಡ್ಡವನು. ನಾನು ಅಣ್ಣ ಎನ್ನುತ್ತಿದ್ದೆ, ಅವನು ನನ್ನನ್ನು ಲೇ ಎನ್ನುತ್ತಿದ್ದ. ಬೆಳಿಗ್ಗೆ ಮಳವಳ್ಳಿಯಿಂದ ಹೊರಟು ಮದ್ದೂರಿನ ರೈಲಿಗೆ ಜನರನ್ನು ತಂದುಬಿಡುವುದು, ಮಧ್ಯಾಹ್ನ ಷೆಡ್ಡಿನಲ್ಲಿ ಬಸ್ಸು ತೊಳೆಸುವುದು, ಸಂಜೆ ವಾಪಸು ಹೋಗುವುದು ಅವನ ದಿನ. ಆ ಷೆಡ್ಡಿನಲ್ಲಿ ನಗುತ್ತಿದ್ದವನು ಅವನೊಬ್ಬನೇ. ಡಬ್ಬ ತೋರಿಸು ಎಂದರೆ, "ನೋಡ್ಕಳಿ ಯಜಮಾನ್ರೇ, ಉಪ್ಪಿನ್ಕಾಯಿ ವಾಟೆ ಅದೆ, ಎಂಜಿನ್ನಿಗೆ ಆಯ್ತದಾ?" ಎಂದು ಮುಂದೆ ಹಿಡಿಯುತ್ತಿದ್ದ. ಪಾಲಿಗೆ ಬಂದ ಜಮೀನನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟು ಸ್ಟೇರಿಂಗ್ ಹಿಡಿದವನು. ಹೆಂಡತಿ, ಮೂರು ಮಕ್ಕಳು. ಆ ಕೆಲಸವೊಂದು ಹೋದರೆ ಅವನಿಗೆ ಬೇರೆ ದಿಕ್ಕಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು ಎಂದು ಇಲ್ಲೇ ಹೇಳಿಬಿಡುತ್ತೇನೆ. ಗೊತ್ತಿರಲಿಲ್ಲ ಎಂದು ಆಮೇಲೆ ತಪ್ಪಿಸಿಕೊಳ್ಳಬಾರದು.

ಇದ್ದಿಲ ಹೊಗೆಯ ಜೊತೆ ಬೂದಿಯೂ ಜಿಗುಟು ಮಸಿಯೂ ಎಂಜಿನ್ನಿಗೆ ಹೋಗುತ್ತಿತ್ತು. ಅದನ್ನು ತಡೆಯಲು ಪೀಪಾಯಿಯ ಜೊತೆ ಬಂದಿದ್ದ ಬಟ್ಟೆ ಚೀಲಗಳು ನಾಲ್ಕು ಮೈಲಿಗೆಲ್ಲ ಮೆತ್ತಿಕೊಂಡುಬಿಡುತ್ತಿದ್ದವು. ಏರು ಬಂದರೆ ಜನ ಇಳಿದು ತಳ್ಳಬೇಕು. ರೈಲು ತಪ್ಪಿದವರು ಡ್ರೈವರಿಗೆ ಬೈಯಬೇಕು. ಅವನು ಷೆಡ್ಡಿಗೆ ಬಂದು ನನಗೆ ಬೈಯಬೇಕು.

ಒಂದು ಭಾನುವಾರ ಹನಕೆರೆಯ ಮನೆಯ ಹಿತ್ತಲಲ್ಲಿ ಅವ್ವ ಬಟ್ಟೆ ಒಗೆಯುವುದಕ್ಕೆ ಬೂದಿ ನೀರು ಇಳಿಸುತ್ತಿದ್ದಳು. ಸಾಬೂನು ಸಿಗದ ಕಾಲ. ತಳದಲ್ಲಿ ತೂತಿದ್ದ ಹಳೇ ಮಡಕೆಗೆ ತೆಂಗಿನ ನಾರು ತುರುಕಿ, ಮೇಲೆ ಬೂದಿ ಹಾಕಿ, ನೀರು ಹೊಯ್ದರೆ ಕೆಳಗೆ ತಿಳಿನೀರು ತೊಟ್ಟಿಕ್ಕುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ್ದೆ. ಅವತ್ತು ಮಾತ್ರ ಕಡ್ಡಿಯಲ್ಲಿ ನಾರನ್ನು ಹೊರಗೆಳೆದು ನೋಡಿದೆ. ಬೂದಿಯೆಲ್ಲ ನಾರಿಗೆ ಕಚ್ಚಿಕೊಂಡಿತ್ತು. ಮಡಕೆ ಕೆಡಿಸಿದೆ ಎಂದು ಅವ್ವ ಬೈದಳು. ನನ್ನ ಕಿವಿಗೆ ಅದು ಬೀಳಲಿಲ್ಲ. ಅಷ್ಟು ಖುಷಿಯಾಗಿತ್ತು.

ಸೀಮೆಎಣ್ಣೆಯ ಹಳೇ ಡಬ್ಬವೊಂದನ್ನು ತೆಗೆದುಕೊಂಡು ಒಳಗೆ ಮೂರು ಅಂತಸ್ತು ಮಾಡಿದೆ. ಒಂದೊಂದು ಅಂತಸ್ತಿಗೂ ತೂತು ಕೊರೆದ ತಗಡು, ಅದರ ಮೇಲೆ ಬಿಡಿಸಿದ ನಾರು. ಊದುಗೊಳವೆಯಿಂದ ಊದಿ ನೋಡಿದರೆ ಬರೀ ನಾರಿಗೆ ಬೂದಿ ನಿಲ್ಲದೆ ಹಾರಿಹೋಯಿತು. ಊರಿನ ಹಿಟ್ಟಿನ ಗಿರಣಿಯಲ್ಲಿ ಬೇಡಿ ತಂದ ಎಂಜಿನ್ನಿನ ಹಳೇ ಎಣ್ಣೆ ಸವರಿದ ಮೇಲೆ ನಿಂತಿತು. ಇದನ್ನೆಲ್ಲ ಮನೆಯಲ್ಲಿ ಮಾಡಿ, ಷೆಡ್ಡಿಗೆ ತಂದೆ. ಕುರ್ಚಿಯ ಪಕ್ಕದಲ್ಲೇ ಡಬ್ಬ ಹಿಡಿದುಕೊಂಡು ಹಾದುಹೋದೆ. ಯಜಮಾನರು ತಲೆ ಎತ್ತಲಿಲ್ಲ. ಅಲ್ಲಿ ಹೊರಗೆ ಹೋಗುವುದನ್ನು ನೋಡುತ್ತಿದ್ದರೇ ಹೊರತು ಒಳಗೆ ಏನು ಬರುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಮೇಸ್ತ್ರಿ ಊಟಕ್ಕೆ ಹೋದ ಹೊತ್ತಿನಲ್ಲಿ ಡ್ರೈವರ್ ಅಣ್ಣನನ್ನು ಬಸ್ಸಿನ ಅಡಿಗೆ ಕರೆದು ತೋರಿಸಿದೆ. ಅವನು ಮಲಗಿಕೊಂಡೇ ಡಬ್ಬವನ್ನು ಬೆರಳಲ್ಲಿ ತಟ್ಟಿ ನೋಡಿದ. ಯಜಮಾನರಿಗೆ ಹೇಳೋಣವೇ ಎಂದರೆ, ಜರಡಿಯ ಕತೆ ಮರೆತೆಯಾ ಎಂದು ನಕ್ಕ. ನಿಜ. ಯಾರು ಹೇಳಿಕೊಟ್ಟರು, ಯಾವ ಕಂಪನಿಯವನು ನಿನಗೆ ಸಿಕ್ಕಿದ್ದ, ನಾರು ಎಲ್ಲಿಯದು, ಎಣ್ಣೆ ಎಲ್ಲಿಯದು ಎಂದು ವಾರಗಟ್ಟಲೆ ನಡೆಯುತ್ತಿತ್ತು. ಇಬ್ಬರೂ ಸೇರಿ ಕೊಳವೆಯ ನಡುವೆ ಡಬ್ಬ ಕೂರಿಸಿ, ಗೋಣಿ ಸುತ್ತಿ, ಮೇಲೆ ಕೆಸರು ಮೆತ್ತಿದೆವು. ಮೊದಲಿನಿಂದ ಅಲ್ಲೇ ಇದ್ದ ಹಾಗೆ ಕಾಣಿಸಿತು.

ಮಾರನೆಯ ಬೆಳಿಗ್ಗೆ ಬಸ್ಸು ಏರಿನಲ್ಲಿ ಯಾರನ್ನೂ ಇಳಿಸಲಿಲ್ಲವಂತೆ. ಮದ್ದೂರು ಇನ್ನೂ ಒಂದು ಮೈಲಿ ಇರುವಾಗ ಡ್ರೈವರಿಗೆ ತಿಳಿಯಿತು, ಮಾಮೂಲು ಹೊತ್ತಿಗಿಂತ ಕಾಲು ಗಂಟೆ ಮುಂಚೆ ಬಂದಿದ್ದೇನೆ ಎಂದು. ಅವನೇನು ಮಾಡಿದ ಗೊತ್ತೆ? ರಸ್ತೆ ಬದಿಯ ದೊಡ್ಡ ಹುಣಸೇಮರದ ಕೆಳಗೆ ಬಸ್ಸು ನಿಲ್ಲಿಸಿ, ಎಂಜಿನ್ ಆರಲಿ ಎಂದು ಜನಕ್ಕೆ ಹೇಳಿ, ಬೀಡಿ ಹಚ್ಚಿದ. ಕಾಲು ಗಂಟೆ ಕಳೆದ ಮೇಲೆ ಹೊರಟು, ದಿನವೂ ಬರುವ ಹೊತ್ತಿಗೇ ಸ್ಟೇಷನ್ ಮುಂದೆ ಬಂದು ನಿಂತ. ಯಜಮಾನರು ಜೇಬಿನ ಗಡಿಯಾರ ನೋಡಿ ಮತ್ತೆ ಜೇಬಿಗೆ ಹಾಕಿಕೊಂಡರು.

ಮಧ್ಯಾಹ್ನ ಇದನ್ನು ಹೇಳಿದಾಗ ನನಗೆ ಸಿಟ್ಟು ಬಂತು. ಇಷ್ಟು ಕಷ್ಟಪಟ್ಟು ಉಳಿಸಿದ ಹೊತ್ತನ್ನು ಮರದ ಕೆಳಗೆ ಸುಟ್ಟೆಯಲ್ಲಣ್ಣ ಎಂದೆ.

"ಬ್ಯಾಗ ಓದ್ರೆ ಏನ್ ಕೇಳ್ತರೆ ಗೊತ್ತೇನ್ಲಾ? ಇಷ್ಟ್ ದಿನ ಯಾಕ್ಲಾ ತಡ ಮಾಡ್ತಿದ್ದೆ ಅಂತರೆ. ಅದುಕ್ಕೆ ಏನ್ ಏಳ್ಲಿ ನಾನು?" ಎಂದ.

ಯೋಚಿಸಿದಷ್ಟೂ ಅವನ ಮಾತೇ ಸರಿ ಎನ್ನಿಸಿತು. ಈಗ ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ. ಆ ಷೆಡ್ಡಿನಲ್ಲಿ ಒಂದು ತಿಂಗಳು ಡಬ್ಬ ಬೋರಲು ಹಾಕಿದವರು ನಗುವುದಿಲ್ಲ. ಹಾಗೆ ನಾವಿಬ್ಬರೂ ಒಪ್ಪಿಕೊಂಡು, ಇದ್ದಿಲ ಬಸ್ಸನ್ನು ಬೇಗ ಓಡುವ ಹಾಗೆ ಮಾಡಿ, ಬೇಗ ಬಾರದ ಹಾಗೆ ನೋಡಿಕೊಂಡೆವು. ಕಂಡಕ್ಟರನಿಗೂ ಮರದ ಕೆಳಗೆ ಕಾಲು ಚಾಚುವುದು ಹಿತವಾಗಿತ್ತು, ಅವನೂ ಬಾಯಿ ಬಿಡಲಿಲ್ಲ. ಹೀಗೆ ತಿಂಗಳೊಪ್ಪತ್ತು ನಡೆಯಿತು.

ಆದರೆ ಐವತ್ತು ಜನ ದಿನಾ ನೋಡುವುದು ಎಷ್ಟು ದಿನ ಗುಟ್ಟಾಗಿರುತ್ತದೆ? ಒಂದು ಬೆಳಿಗ್ಗೆ ನಾನು ಷೆಡ್ಡಿಗೆ ಬಂದಾಗ ಜಟಕಾ ನಿಂತಿತ್ತು. ಸಾಮಾನು ತಗೊಂಡು ಹತ್ತು, ಮಳವಳ್ಳಿ ಬಸ್ಸು ದಾರಿಯಲ್ಲಿ ಕೆಟ್ಟಿದೆಯಂತೆ ಎಂದರು ಯಜಮಾನರು. ಬಸ್ಸಿನ್ನೂ ಬರುವ ಹೊತ್ತೇ ಆಗಿರಲಿಲ್ಲ. ಕೆಟ್ಟ ಸುದ್ದಿ ಬಸ್ಸಿಗಿಂತ ಮುಂಚೆ ಹೇಗೆ ಬಂತು ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಜಟಕಾ ಹುಣಸೇಮರದ ದಾರಿ ಹಿಡಿಯಿತು.

ಬಸ್ಸು ಮರದ ಕೆಳಗಿತ್ತು. ಜನ ನೆರಳಿನಲ್ಲಿ ಕೂತಿದ್ದರು. ಡ್ರೈವರ್ ಅಣ್ಣ ಕುಕ್ಕರಗಾಲಿನಲ್ಲಿ ಕೂತು ಬೀಡಿ ಸೇದುತ್ತಿದ್ದ. ನಮ್ಮನ್ನು ನೋಡಿ ಎದ್ದ, ಓಡಲಿಲ್ಲ, ಬೀಡಿಯನ್ನೂ ಎಸೆಯಲಿಲ್ಲ. ಯಜಮಾನರು ಅವನ ಜೊತೆ ಮಾತಾಡದೆ ನೇರವಾಗಿ ಬಸ್ಸು ಹತ್ತಿ ಸೀಟುಗಳ ಕೆಳಗೆ ಬಗ್ಗಿ ನೋಡುತ್ತ ಹೋದರು. ಹಿಂದಿನ ಸೀಟಿನ ಕೆಳಗೆ ಅರ್ಧ ಚೀಲ ಅಕ್ಕಿ ಸಿಕ್ಕಿತು. ಆಗ ಪರ್ಮಿಟ್ ಇಲ್ಲದೆ ತಾಲ್ಲೂಕು ದಾಟಿಸಿ ಅಕ್ಕಿ ಸಾಗಿಸಿದರೆ ಜೈಲು. ಇದು ಯಾರದು ಎಂದು ಯಜಮಾನರು ಕೇಳಿದರು. ಒಬ್ಬಳು ಮುದುಕಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತಿದ್ದಳು. ಕಂಡಕ್ಟರ್ ಮರದ ಆಚೆ ಬದಿಗೆ ಹೋಗಿ ನಿಂತಿದ್ದ.

ಯಾಕೆ ನಿಲ್ಲಿಸಿದೆ ಎಂದು ಡ್ರೈವರನ್ನು ಕೇಳಿದರು. ಎಂಜಿನ್ ಕಾದಿತ್ತು ಎಂದ. ಅಕ್ಕಿ ಯಾರದು ಎಂದರು. ನಾ ಕಾಣೆ ಎಂದ. ಯಜಮಾನರು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ, ನನ್ನ ಕಡೆ ತಿರುಗಿದರು.

"ನೀನು ರಿಪೇರಿ ಮಾಡಿದ ಎಂಜಿನ್ನು ಇಷ್ಟು ದೂರಕ್ಕೇ ಕಾಯ್ತದೇನ್ಲಾ?"

ಅಣ್ಣ ನನ್ನನ್ನು ನೋಡಿದ. ಅವನ ಮುಖದಲ್ಲಿ ಗಾಬರಿ ಇರಲಿಲ್ಲ. ನಾನು ಹೌದು ಎನ್ನುತ್ತೇನೆಂದೋ, ಡಬ್ಬದ ಕತೆ ಬಿಚ್ಚುತ್ತೇನೆಂದೋ ನಂಬಿಕೊಂಡು ನಿಂತಿದ್ದ. ಎರಡರಲ್ಲಿ ಯಾವುದನ್ನು ಹೇಳಿದರೂ ಅವನು ಉಳಿಯುವ ಸಾಧ್ಯತೆ ಇತ್ತು.

"ಕಾಯಾಕಿಲ್ಲ ಯಜಮಾನ್ರೇ," ಎಂದೆ.

ಯಾಕೆ ಹಾಗೆಂದೆ ಎಂದು ಬಹಳ ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಹೆದರಿದ್ದೆ, ಅದು ನಿಜ. ನನ್ನ ಕೈಯ ಕೆಲಸಕ್ಕೆ ಹೆಸರು ಕೆಡಬಾರದು ಎಂಬ ಜಂಬವೂ ಇತ್ತು. ಆದರೆ ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆ ಅಕ್ಕಿ ಚೀಲ ನೋಡಿದ ಕ್ಷಣದಲ್ಲೇ, ಓಹೋ, ನನ್ನ ಡಬ್ಬ ಉಳಿಸಿಕೊಟ್ಟ ಕಾಲು ಗಂಟೆಯಲ್ಲಿ ಇವನು ಇದನ್ನೇ ನಡೆಸಿಕೊಂಡಿದ್ದನೋ ಅನ್ನಿಸಿತು. ಬೇಗ ಹೋದರೆ ಕೇಳುತ್ತಾರೆ ಎಂದು ನನಗೆ ಹೇಳಿದ್ದೆಲ್ಲ ನಾಟಕವೋ ಅನ್ನಿಸಿತು. ಕುರ್ಚಿಯ ಮೇಲೆ ಕೂತವರಿಗೆ ಹೇಗೆ ಅನ್ನಿಸುತ್ತಿತ್ತೋ ಹಾಗೆಯೇ, ಅಷ್ಟೇ ಸಲೀಸಾಗಿ ಅನ್ನಿಸಿತು.

ಬಸ್ಸನ್ನು ಮದ್ದೂರಿಗೆ ಮುಟ್ಟಿಸು, ನಾಳೆಯಿಂದ ಬರಬೇಡ ಎಂದರು ಯಜಮಾನರು. ಅಣ್ಣ ಬೀಡಿ ಎಸೆದ. ಡಬ್ಬದ ಮಾತು ಆಡಲಿಲ್ಲ. ಆಡಿದ್ದರೆ ನನ್ನ ಕೆಲಸ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಬಸ್ಸನ್ನು ಮದ್ದೂರಿಗೆ ತಂದು ನಿಲ್ಲಿಸಿ, ಎಂಜಿನ್ ತಿರುಗಿಸುವ ಹ್ಯಾಂಡಲನ್ನು ಯಜಮಾನರ ಕುರ್ಚಿಯ ಪಕ್ಕ ಒರಗಿಸಿ, ಟವಲ್ಲು ಹೆಗಲಿಗೆ ಹಾಕಿಕೊಂಡ. ಹೊರಡುವಾಗ ಅವನ ಡಬ್ಬವನ್ನೂ ಬೋರಲು ಹಾಕಿಸಿದರು. ಅವತ್ತು ಅವನು ತಮಾಷೆ ಮಾಡಲಿಲ್ಲ. ಸಂಜೆ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಟಿಕೀಟು ಕೊಂಡು ಊರಿಗೆ ಹೋದ. ಅಕ್ಕಿಯನ್ನು ಸರ್ಕಾರಕ್ಕೆ ಒಪ್ಪಿಸಿದೆ ಎಂದು ಯಜಮಾನರು ಹೇಳಿದರು. ಒಪ್ಪಿಸಿದರೋ ಬೇಯಿಸಿದರೋ ನಾನು ಕಾಣೆ.

ಯಜಮಾನರ ಭಾಮೈದನೊಬ್ಬ ಬಸ್ಸು ಹತ್ತಿದ. ಮರದ ಕೆಳಗೆ ನಿಲ್ಲಬೇಕು ಎಂದು ಅವನಿಗೆ ಹೇಳಿಕೊಡುವವರು ಯಾರು? ಮಾರನೆಯ ಬೆಳಿಗ್ಗೆ ಬಸ್ಸು ಕಾಲು ಗಂಟೆ ಮುಂಚೆ ಬಂದು ಸ್ಟೇಷನ್ ಮುಂದೆ ನಿಂತಿತು. ರೈಲಿಗೆ ಇನ್ನೂ ಹೊತ್ತಿತ್ತು. ಜನ ಇಳಿದು ನಿಧಾನವಾಗಿ ಮುಖ ತೊಳೆದುಕೊಂಡರು. ಯಜಮಾನರು ಗಡಿಯಾರವನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದುಕೊಂಡು ಷೆಡ್ಡಿಗೆ ಬಂದರು.

"ನೋಡ್ರಪ್ಪ, ಕಳ್ಳ ಓದ, ಬಸ್ಸು ಟೈಮಿಗೆ ಬಂತು," ಎಂದರು.

ಮೇಸ್ತ್ರಿ ತಲೆಯಾಡಿಸಿದ. ನಾನು ಗೋಡೆಯ ಕಡೆ ತಿರುಗಿ ಸ್ಪ್ಯಾನರ್ ಒರೆಸುತ್ತ ನಿಂತೆ. ಅವನ ಕಳ್ಳತನಕ್ಕೆ ಸಾಕ್ಷಿ ಹೇಳಿದ್ದು ನನ್ನ ಡಬ್ಬ. ದಿನಾ ಬೆಳಿಗ್ಗೆ ಹೇಳುತ್ತಿತ್ತು. ಬಸ್ಸು ಬೇಗ ಬಂದಷ್ಟೂ ಅವನು ದೊಡ್ಡ ಕಳ್ಳನಾಗುತ್ತಿದ್ದ. ಮದ್ದೂರು, ಮಂಡ್ಯದಲ್ಲಿ ಬಸ್ಸು ಇಟ್ಟವರಿಗೆಲ್ಲ ಸುದ್ದಿ ಮುಟ್ಟಿ, ಯಾರೂ ಅವನಿಗೆ ಸ್ಟೇರಿಂಗ್ ಕೊಡಲಿಲ್ಲ. ಊಟ ಸೇರದೆ ಎಂಟು ದಿನ ಒದ್ದಾಡಿದೆ. ಒಂಬತ್ತನೆಯ ದಿನ ಯಜಮಾನರನ್ನು ಬಸ್ಸಿನ ಹತ್ತಿರ ಕರೆದು, ಗೋಣಿ ಬಿಚ್ಚಿ ಡಬ್ಬ ತೋರಿಸಿದೆ. ನಾರು, ಎಣ್ಣೆ, ಅವ್ವನ ಮಡಕೆ, ಹುಣಸೇಮರ ಎಲ್ಲ ಹೇಳಿದೆ.

ಅವರು ಪೂರ್ತಿ ಕೇಳಿದರು. ಆಮೇಲೆ, ಇದನ್ನೆಲ್ಲ ಹೇಳು ಅಂತ ಅವನೇ ಕಳಿಸಿದನಾ ಎಂದರು. ಇಲ್ಲ ಎಂದೆ. ಬಟ್ಟೆ ಒಗೆಯೋ ಮಡಕೆಯಿಂದ ಬಸ್ಸು ಓಡ್ತದೆ ಅಂತ ನಂಬೋಕೆ ನಾನೇನು ಹಸುಗೂಸಾ ಎಂದರು. ಬೇಕಾದರೆ ಡಬ್ಬ ತೆಗೆದು ತೋರಿಸುತ್ತೇನೆ ಎಂದು ಅಲ್ಲೇ ಕಳಚಿದೆ. ಮಾರನೆಯ ದಿನ ಬಸ್ಸು ಜನರ ಕೈಲಿ ತಳ್ಳಿಸಿಕೊಂಡು ತಡವಾಗಿ ಬಂತು. ಈಗ ನಂಬುತ್ತಾರೆ ಎಂದು ನಾನು ಓಡಿಹೋದೆ. ಸ್ನೇಹಿತನನ್ನು ವಾಪಸು ತರಿಸಬೇಕು ಅಂತ ಬೇಕೆಂದೇ ಎಂಜಿನ್ ಕೆಡಿಸಿದೀಯ ಎಂದರು. ಮತ್ತೆ ಕೂರಿಸಿದೆ. ಮತ್ತೆ ಬೇಗ ಬಂತು. ಈಗ ನೆಟ್ಟಗೆ ಮಾಡಿದೆಯಲ್ಲ, ಹಾಗಾದರೆ ಕೆಡಿಸಿದ್ದು ನೀನೇ ಎಂದಾಯಿತು ಎಂದರು. ನನಗೆ ಅಳಬೇಕೋ ನಗಬೇಕೋ ತಿಳಿಯದೆ ನಿಂತೆ. ಅಳು ಬಂತು, ಆ ವಯಸ್ಸಿನಲ್ಲಿ ಅವರ ಮುಂದೆಯೇ ಅತ್ತೆ.

ಅದನ್ನು ನೋಡಿ ಅವರ ದನಿ ಸ್ವಲ್ಪ ಇಳಿಯಿತು. ನನ್ನನ್ನು ಕೆಲಸದಿಂದ ತೆಗೆಯುವ ಹಾಗೂ ಇರಲಿಲ್ಲ. ಒಳ್ಳೆಯ ಫಿಟ್ಟರುಗಳೆಲ್ಲ ಮಿಲಿಟರಿಯ ವರ್ಕ್‌ಷಾಪಿಗೆ ಹೋಗಿಬಿಟ್ಟಿದ್ದ ಕಾಲ.

"ಆಯ್ತು ಬುಡು, ಡಬ್ಬ ನಿಂದೇ ಇರ್ಲಿ. ಅಕ್ಕಿ ಯಾರ್ದು?" ಎಂದರು.

ನಾನು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡೆ. ಅವರು ಎದ್ದು ಹೋಗಿ, ಅಷ್ಟರಲ್ಲಿ ಇದ್ದಿಲಿಗೆ ಬಂದಿದ್ದ ಮಂಡ್ಯದ ಬಸ್ಸುಗಳಿಗೂ ಅಂಥವೇ ಡಬ್ಬ ಮಾಡಿ ಕೂರಿಸಲು ಮೇಸ್ತ್ರಿಗೆ ಹೇಳಿದರು. ಒಂದೊಂದು ಡಬ್ಬಕ್ಕೂ ಬೀಗ ಹಾಕಿಸಿದರು. ನಾರು ಬದಲಾಯಿಸಬೇಕಾದಾಗ ಅವರ ಹತ್ತಿರ ಹೋಗಿ ಬೀಗದಕೈ ಕೇಳಬೇಕಿತ್ತು. ಕೇಳಿದವನಿಗೆ ನೂರು ಪ್ರಶ್ನೆ. ಆದ್ದರಿಂದ ನಾರು ಕರಿ ಮುದ್ದೆಯಾಗುವ ತನಕ ನಾವು ಕೇಳುತ್ತಿರಲಿಲ್ಲ.

ನಾನು ಮಳವಳ್ಳಿಗೆ ಹೋದದ್ದು ಅದಾದ ಮೇಲಿನ ಭಾನುವಾರ. ಅಣ್ಣ ಯಾರದೋ ಎತ್ತಿನ ಗಾಡಿಯಲ್ಲಿ ಸಂತೆಗೆ ಸಾಮಾನು ಹೊಡೆಯುವ ಕೂಲಿಗೆ ಸೇರಿದ್ದ. ನಾನು ಹೋದಾಗ ಜಗಲಿಯ ಮೇಲೆ ಕೂತು ಬಾರುಕೋಲಿಗೆ ಹುರಿ ಹೊಸೆಯುತ್ತಿದ್ದ. ಬೈಯುತ್ತಾನೆ ಎಂದುಕೊಂಡಿದ್ದೆ. "ಬಾ ಕಣ್ಲಾ," ಎಂದು ಚಾಪೆ ಹಾಕಿದ. ಅವನ ಹೆಂಡತಿ ನೀರು ಕೊಟ್ಟರು, ಊಟಕ್ಕೆ ಎಬ್ಬಿಸಿದರು. ಮುದ್ದೆ, ಹುರುಳಿಕಾಳಿನ ಸಾರು. ತಟ್ಟೆಯ ಮುಂದೆ ಕೂತು ಎಲ್ಲ ಹೇಳಿಕೊಂಡೆ. ಮರದ ಕೆಳಗೆ ನಾನು ಬಾಯಿ ಬಿಡಬೇಕಿತ್ತು ಅಣ್ಣ, ತಪ್ಪಾಯಿತು ಎಂದೆ. ಯಜಮಾನರಿಗೆ ಡಬ್ಬ ತೋರಿಸಿದ್ದು, ತೆಗೆದದ್ದು, ಕೂರಿಸಿದ್ದು, ಬೀಗ ಬಿದ್ದದ್ದು ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಓಗ್ಲಿ ಬುಡ್ಲಾ. ನಿಂಗೂ ಕೆಲ್ಸ ಉಳ್ಕಬೇಕಲ್ವಾ? ಎದರ್ಕಂಡೆ, ಅಷ್ಟೇ," ಎಂದ.

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಇನ್ನೊಂದು ತುತ್ತು ಮುರಿದು ಸಾರಿಗೆ ಅದ್ದಿದೆ. ನಾನು ಅಲ್ಲಿಗೆ ಹೋದದ್ದು ಕ್ಷಮೆ ಕೇಳುವುದಕ್ಕೆ. ಬಾಯಿಂದ ಬಂದದ್ದು ಬೇರೆ.

"ಅಲ್ಲ ಕಣಣ್ಣ, ಆ ಅಕ್ಕಿ ಯಾರ್ದು?"

ಒಳಗೆ ಅವನ ಹೆಂಡತಿ ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದುದು ನಿಂತಿತು. ಅಣ್ಣನ ಮುಖದ ಮೇಲೆ ನಗು ಹಾಗೇ ಉಳಿದಿತ್ತು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ.

"ಇಂದುಗಡೆ ಮುದ್ಕಿ ಕುಂತಿತ್ತಲ್ಲ, ಅವ್ಳ್ದು. ಮಗ್ಳು ಮದ್ದೂರಲ್ಲಿ ಬಾಣ್ತಿ, ರೇಷನ್ ಅಕ್ಕಿ ಮುಗ್ಗಲು ಅಂತ ತತ್ತಿದ್ಳು. ನಾ ಎಸ್ರು ಏಳಿದ್ರೆ ಮುದ್ಕೀನ ಎಳ್ಕಂಡೋಗೋರು."

ಸೆರಗನ್ನು ಬಾಯಿಗೆ ಹಿಡಿದುಕೊಂಡಿದ್ದ ಆ ಮುದುಕಿ ನನಗೆ ನೆನಪಾದಳು. ಅವನು ಹೇಳಿದ್ದು ನಿಜವೇ ಇರಬೇಕು. ಈಗ ನನಗೆ ಅದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಆವತ್ತು, ಆ ತಟ್ಟೆಯ ಮುಂದೆ, ಅವನು ಮಾತು ಮುಗಿಸುವಷ್ಟರಲ್ಲಿ ನನ್ನ ತಲೆಯೊಳಗೆ ಒಂದಾದ ಮೇಲೊಂದು ಹುಟ್ಟಿದವು. ಅವಳ ಅಕ್ಕಿಯಾದರೆ ಇವನಿಗೆ ಹೇಗೆ ಗೊತ್ತಾಯಿತು? ಮೊದಲೇ ಮಾತಾಗಿತ್ತೇ? ದಿನಾ ಒಬ್ಬೊಬ್ಬಳು ಮುದುಕಿ ಇರುತ್ತಿದ್ದಳೇ? ಇವನಿಗೆ ಅದರಲ್ಲಿ ಏನು ಸಿಗುತ್ತಿತ್ತು? ಒಂದನ್ನೂ ನಾನು ಬಾಯಿ ಬಿಟ್ಟು ಕೇಳಲಿಲ್ಲ. ಹೌದಾ ಎಂದೆ, ಅಷ್ಟೇ. ಅದೂ ಒಂದು ಗಳಿಗೆ ತಡವಾಗಿ ಬಂತು.

ಅಣ್ಣ ನನ್ನ ಮುಖ ನೋಡುತ್ತಿದ್ದ. ಅವನ ನಗು ಈಗ ಪೂರ್ತಿ ಹೋಗಿತ್ತು.

"ನಿನ್ ಮೊಕ ಒಂದ್ಸಲ ನೋಡ್ಕಳ್ಲಾ. ಯಜಮಾನ್ರೇ ಬಂದು ನಮ್ಮನೇಲಿ ಕುಂತು ಉಂಡಂಗದೆ," ಎಂದ.

ದನಿ ಎತ್ತಿ ಹೇಳಲಿಲ್ಲ. ಹೇಳಿ, ಬಾರುಕೋಲು ತೆಗೆದುಕೊಂಡು ಎತ್ತುಗಳನ್ನು ಬಿಚ್ಚಲು ಹಿತ್ತಲಿಗೆ ಹೋದ. ಅವನ ಹೆಂಡತಿ ಇನ್ನೊಂದು ಮುದ್ದೆ ಹಿಡಿದು ಬಾಗಿಲಲ್ಲಿ ನಿಂತಿದ್ದರು, ಬಡಿಸಲು ಮುಂದೆ ಬರಲಿಲ್ಲ. ಉಳಿದ ಮುದ್ದೆಯನ್ನು ಹಾಗೇ ಬಿಟ್ಟು, ತಟ್ಟೆಯಲ್ಲಿ ಕೈ ತೊಳೆದು, ನಾನು ಎದ್ದು ಬಂದೆ.